ಕ್ರಿಸ್‌ಮಸ್ಸಿಗೆ ಮುಂಚೆ ಕಡಲ ತಡಿಗೆ

ಧನುರ್ಮಾಸ ಬಂದಿತೆಂದರೆ ನಮ್ಮ ಗೃಹಸ್ಥರಿಗೆ ಒಂದು ವಿಧವಾದ ಬಿಡುವು. ಮದುವೆ ಮುಂಜಿಗಳ ಕರೆಯೋಲೆಗಳು ನಿಲ್ಲುವುವು. ಸಂಕ್ರಾಂತಿಗೆ ಇನ್ನೂ ತಿಂಗಳಿರುವುದು. ಡಿಸೆಂಬರ್ 16ರ ಸುಮಾರಿಗೆ ಮೊದಲಾಗುವ ಈ ಮಾಸಕ್ಕೂ 25ರ ಕ್ರಿಸ್ತ ಜಯಂತಿಗೂ ನಡುವೆ ಒಂದು ವಾರ ದೊರೆಯುವುದಷ್ಟೆ. ಶಿವಮೊಗ್ಗೆಯ ರಾಗಿಗುಡ್ಡದಂಥ ಕಡೆ ಸಂಬಳದ ಮೇಲೆ ಸಂಸಾರ ನಡೆಸುವವರು ಮಡದಿ ಮಕ್ಕಳೊಡನೆ ಎರಡು ದಿನ ಸಮುದ್ರ ನೋಡಿ ಬರುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲವೆಂದು ನನ್ನ ಎಣಿಕೆ. (ಅಡಕೆ ಕೊಯ್ಲಿನ ಮನೆಯವರಿಗೆ ಈ ಮಾತು ಸಲ್ಲದು.) 24ರ ಮೇಲೆ ಹೋದವರಿಗೆ ಇಳಿದುಕೊಳ್ಳಲು ಕೊಠಡಿಯಿಲ್ಲ, ಉಣ್ಣಲು ಎಲೆಯಿಲ್ಲ, ಸಮುದ್ರಕ್ಕೆ ಬದಲು ಜನರ ಬೆನ್ನನ್ನು ನೋಡಿ ಬರಬೇಕು.

ನಮ್ಮ ಹಿಂದಿನವರು ಗೋಕರ್ಣಕ್ಕೆ ಹೋಗುತ್ತಿದ್ದುದು ಸಮುದ್ರಸ್ನಾನದ ಪುಣ್ಯಕ್ಕೇ ಹೊರತು ಬಿಡುವು ಕಳೆಯುವುದಕ್ಕಲ್ಲ. ಆರೋಗ್ಯಕ್ಕಾಗಿ ಕಡಲಿಗೆ ಹೋಗುವ ಪದ್ಧತಿಯನ್ನು ಬೆಳೆಸಿದವರು ಇಂಗ್ಲಿಷರು. 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯನು ಸಮುದ್ರದ ನೀರನ್ನು ಮೀಯುವುದಕ್ಕೆ ಮಾತ್ರವಲ್ಲ, ಕುಡಿಯುವುದಕ್ಕೂ ವಿಧಿಸಿ ಗ್ರಂಥ ಬರೆದನು. ಬ್ರೈಟನ್ನಿಗೆ ರೋಗಿಗಳೂ ಅವರ ಹಿಂದೆ ಶ್ರೀಮಂತರೂ ಬಂದರು. ಅಲ್ಲಿ ಈ ವಾರದಲ್ಲಿ ಹಗಲು ಎಂಟು ಗಂಟೆಗೂ ಕಡಮೆ, ನಾಲ್ಕಕ್ಕೆಲ್ಲ ಸೂರ್ಯಾಸ್ತ. ಆದರೂ ಆ ಜನ ಉಣ್ಣೆಯ ಅಂಗಿ ಹೊದ್ದು ದಂಡೆಯ ಮೇಲೆ ಅಡ್ಡಾಡುತ್ತಾರೆ. ನಮಗಾದರೋ ತೀರ್ಥಹಳ್ಳಿ ದಾಟಿ ಆಗುಂಬೆಯ ಸೂರ್ಯಾಸ್ತದ ಕಟ್ಟೆಗೆ ಬಂದರೆ, ತಿಳಿಯಾದ ಸಂಜೆಯಲ್ಲಿ ಅರಬ್ಬೀ ಸಮುದ್ರ ಅಲ್ಲಿಂದಲೇ ಹೊಳೆಯುವುದು. ಹದಿನಾಲ್ಕು ತಿರುವುಗಳನ್ನಿಳಿದು ಸೋಮೇಶ್ವರ, ಹೆಬ್ರಿಗಳ ಮೇಲೆ ಉಡುಪಿ ಸೇರಬಹುದು. ಅಲ್ಲಿಂದ ಬಡಗಲಿಗೆ ಕುಂದಾಪುರ. ಅದರ ಮುಂದೆ ಮರವಂತೆ. ಅಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಿಗೆ ಕಡಲು.

ಇನ್ನು ನೀರಿಗೆ ಇಳಿಯುವ ಮಾತು. ತುಂಗೆಯಲ್ಲಿ ಈಜು ಕಲಿತ ನಮ್ಮ ಮಲೆನಾಡಿನವರಿಗೆ ನೀರೆಂದರೆ ತಮಗೆ ತಿಳಿದದ್ದೇ ಎಂಬ ಧೈರ್ಯ. ಹೊಳೆಯ ಸೆಳವು ಒಂದೇ ದಿಕ್ಕಿಗೆ. ಅದು ಕಣ್ಣಿಗೂ ಕಾಣುವುದು. ಸಮುದ್ರದ್ದು ಹಾಗಲ್ಲ. ಅಲೆಗಳು ದಂಡೆಗೆ ಹೊತ್ತು ತಂದ ನೀರು ಹಿಂದಿರುಗುವಾಗ ಕಿರಿದಾದ ಓಣಿಗಳಲ್ಲಿ ಕೂಡಿಕೊಂಡು ರಭಸದಿಂದ ಒಳಕ್ಕೆ ಹರಿಯುವುದು. ಆ ಓಣಿಯ ಮೇಲೆ ಅಲೆಯೊಡೆಯುವುದು ಕಡಮೆ. ಆದುದರಿಂದ ಅದೇ ಶಾಂತವಾದ ತಾಣವೆಂದು ತೋರುವುದು, ಹಿರಿಯರು ಮಕ್ಕಳನ್ನು ಅಲ್ಲಿಯೇ ಇಳಿಸುವರು! ಸಿಕ್ಕಿದವನು ದಂಡೆಯ ಕಡೆಗೆ ಎದುರೀಜಿದರೆ ಬಲಗುಂದುವನು. ಅವನು ತೇಲಿಕೊಂಡು, ದಂಡೆಗೆ ಸಮಾನವಾಗಿ ಪಕ್ಕಕ್ಕೆ ಸರಿದು, ಸೆಳವು ತಪ್ಪಿದ ಮೇಲೆ ದಡದತ್ತ ತಿರುಗತಕ್ಕದ್ದು. ನೋಡುತ್ತಿರುವವರು ಹಿಂದೆಯೇ ಧುಮುಕದೆ, ಮುಚ್ಚಳ ಬಿಗಿದ ಖಾಲಿ ಡಬ್ಬವನ್ನಾದರೂ ಎಸೆದು ಕಾವಲಿನವರನ್ನು ಕೂಗತಕ್ಕದ್ದು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಿಕೆಯರು ಸಮುದ್ರದ ಪಾಲಾದರು. ಮಳೆಗಾಲದ ಕೆರಳಿದ ಕಡಲಲ್ಲ ಅದು. ನಾವು ಹೋಗಬೇಕೆಂದಿರುವ ಈ ತಿಂಗಳಿನದೇ. ಮೊಣಕಾಲಿನ ನೀರಿಗಿಂತ ಮುಂದೆ ಮಕ್ಕಳನ್ನು ಬಿಡಲಾಗದು. ಅಷ್ಟಕ್ಕೂ ಅವರ ಕೈ ನಮ್ಮ ಕೈಯಲ್ಲಿರಬೇಕು. ಮಗು ಅತ್ತರೆ ಅಳಲಿ.

ಮನೆಯಾಕೆಗೆ ಈ ಎರಡು ದಿನ ಒಲೆಯಿಂದ ಬಿಡುಗಡೆಯಿರಲಿ. ಸ್ಟೋವು, ಅಕ್ಕಿ, ಸಾರಿನ ಪುಡಿ ಕಟ್ಟಿಕೊಂಡು ಹೊರಡುವ ಸಂಸಾರಗಳನ್ನು ಕಂಡಿದ್ದೇನೆ. ಆ ತಾಯಿಗೆ ಊರು ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ. ಕುಂದಾಪುರದಲ್ಲಿ 1570ರಿಂದ ರೋಜರಿ ಮಾತೆಯ ಇಗರ್ಜಿಯಿರುವುದು. ಹಬ್ಬದ ಹಿಂದಿನ ವಾರದಲ್ಲಿ ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರದ ದೀಪಗಳೇರುತ್ತವೆ, ಗೋದಲಿ ಸಿದ್ಧವಾಗುತ್ತದೆ, ಒಳಗಿನಿಂದ ಕುಸ್ವಾರ್ ಕರಿಯುವ ಪರಿಮಳ ಬರುತ್ತದೆ. ಅದರಲ್ಲಿ ನೆವ್ರಿಯೆಂಬುದು ನಮ್ಮ ಕರ್ಜಿಕಾಯಿಯ ತಂಗಿಯೇ ಸರಿ. ಬೇಕರಿಯಲ್ಲಿ ಸಿಕ್ಕಿದರೆ ಒಂದು ಪೊಟ್ಟಣ ಕೊಂಡು, ಭಾನುವಾರ ಊಟವಾದೊಡನೆ ಹೊರಡುವುದು. ಘಾಟಿಯನ್ನು ಬೆಳಕಿರುವಾಗಲೇ ಹತ್ತಬೇಕಷ್ಟೆ.