ಹೆಪ್ಪಿಲ್ಲದೆ ಮೊಸರಾಗದು

ಪ್ರೌಢಶಾಲೆಯಲ್ಲಿ ಮೂರು ದಶಕಗಳ ಕಾಲ ಜೀವಶಾಸ್ತ್ರ ಬೋಧಿಸಿ ನಿವೃತ್ತನಾದ ನನಗೆ ಒಂದು ಮಾತನ್ನು ಮಾತ್ರ ಇಂದಿಗೂ ಸಹಿಸಲಾಗದು: ‘ಪ್ರಯೋಗಾಲಯದಲ್ಲಿ ಜೀವಸೃಷ್ಟಿ’. ಸಂಶ್ಲೇಷಿತ ಜೀವವಿಜ್ಞಾನದ ಯಾವ ವಾರ್ತೆ ಬಂದರೂ ಈ ಮಾತನ್ನು ಅಕ್ಷತೆಯಂತೆ ಎರಚುತ್ತಾರೆ. ಒಬ್ಬರು ‘ಮನುಷ್ಯನೇ ಬ್ರಹ್ಮನಾದ’ ಎಂದು ಬೀಗುತ್ತಾರೆ. ಇನ್ನೊಬ್ಬರು ‘ಘೋರ ಪಾಪ’ ಎಂದು ಕಿವಿ ಮುಚ್ಚಿಕೊಳ್ಳುತ್ತಾರೆ. ನಡೆದದ್ದೇನು ಎಂದು ವಿಚಾರಿಸುವ ವ್ಯವಧಾನ ಇಬ್ಬರಿಗೂ ಇಲ್ಲ.

ನಡೆದದ್ದು ಇಷ್ಟು. 2010ರ ಮೇ ತಿಂಗಳಲ್ಲಿ ಅಮೆರಿಕದ ಕ್ರೇಗ್ ವೆಂಟರ್ ಮತ್ತು ಸಂಗಡಿಗರು ತಮ್ಮ ಪ್ರಯೋಗವನ್ನು ಪ್ರಕಟಿಸಿದರು. ಆಡುಗಳಿಗೆ ರೋಗ ತರುವ ಮೈಕೋಪ್ಲಾಸ್ಮಾ ಮೈಕಾಯ್ಡಿಸ್ ಎಂಬ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು, ಅಂದರೆ ಸುಮಾರು 10.8 ಲಕ್ಷ ‘ಅಕ್ಷರ’ಗಳ ಆ ಎಳೆಯನ್ನು, ಅವರು ರಾಸಾಯನಿಕವಾಗಿ ತಯಾರಿಸಿದ ತುಣುಕುಗಳಿಂದ ಯೀಸ್ಟ್ ಕೋಶದೊಳಗೆ ಜೋಡಿಸಿದರು. ಬಳಿಕ ಅದನ್ನು ಅದರ ಹತ್ತಿರದ ಬಂಧುವಾದ ಮೈಕೋಪ್ಲಾಸ್ಮಾ ಕ್ಯಾಪ್ರಿಕೋಲಂನ ಕೋಶಕ್ಕೆ ಸೇರಿಸಿದರು. ಆ ಕೋಶ ಹೊಸ ಡಿಎನ್‌ಎಯ ಆಜ್ಞೆಯಂತೆ ಬೆಳೆದು ವಿಭಜನೆಗೊಂಡಿತು. ನಡುವೆ ಒಂದೇ ಒಂದು ಅಕ್ಷರ ತಪ್ಪಿದ್ದರಿಂದ ಕೆಲಸ ವಾರಗಟ್ಟಲೆ ನಿಂತಿತ್ತು. ಅಸಾಧಾರಣ ಸಾಧನೆ, ಸಂಶಯವಿಲ್ಲ.

ಆದರೆ ಇದು ಸೃಷ್ಟಿಯೆ? ಆ ಕೋಶದ ಪೊರೆ ಯಾರದು? ಪ್ರೋಟೀನು ಕಟ್ಟುವ ರೈಬೋಸೋಮುಗಳು ಯಾರವು? ಕಿಣ್ವಗಳು ಯಾರವು? ಎಲ್ಲವೂ ಮೊದಲೇ ಬದುಕಿದ್ದ ಬ್ಯಾಕ್ಟೀರಿಯಾದ್ದು. ನಮ್ಮ ಮನೆಯ ಹೆಂಗಸರನ್ನು ಕೇಳಿದರೆ ಒಂದೇ ವಾಕ್ಯದಲ್ಲಿ ಹೇಳಿಯಾರು: ಹಾಲು ಎಷ್ಟೇ ಉತ್ತಮವಾಗಿರಲಿ, ಹೆಪ್ಪು ಹಾಕದೆ ಮೊಸರಾಗದು. ಕೋಶದಿಂದಲೇ ಕೋಶ ಹುಟ್ಟುತ್ತದೆ ಎಂದು ಜರ್ಮನಿಯ ವಿರ್ಚೋ 1855ರಲ್ಲಿ ಸಾರಿದ ನಿಯಮ 2010ರಲ್ಲಿಯೂ ಮುರಿಯಲಿಲ್ಲ.

ಅದೇ ತಂಡ 2016ರಲ್ಲಿ ಅನಾವಶ್ಯಕ ಜೀನುಗಳನ್ನು ಕಳೆಯುತ್ತ ಹೋಗಿ, ಕೇವಲ 473 ಜೀನುಗಳಿಂದ ಬದುಕುವ ಕೋಶವನ್ನು ರೂಪಿಸಿತು. ಅವುಗಳಲ್ಲಿ 149ರ ಕೆಲಸವೇನೆಂದು ಅವರಿಗೇ ಆಗ ತಿಳಿದಿರಲಿಲ್ಲ. ಅದನ್ನು ಅವರು ಮುಚ್ಚಿಡದೆ ಬರೆದರು. ನನ್ನ ಪಾಲಿಗೆ ಆ ಪ್ರಯೋಗದ ಅತ್ಯಂತ ಬೆಲೆಯುಳ್ಳ ಫಲ ಈ ಸಂಖ್ಯೆಯೇ. ಸೃಷ್ಟಿಕರ್ತನಿಗೆ ತನ್ನ ಸೃಷ್ಟಿಯ ಮೂರನೆಯ ಒಂದು ಭಾಗ ಏನೆಂದು ತಿಳಿಯದಿರುವುದುಂಟೆ?

‘ಒಂದು ಪದಕ್ಕಾಗಿ ಇಷ್ಟು ರೋಷವೇಕೆ ಮೇಷ್ಟ್ರೇ?’ ಎಂದು ನೀವು ಕೇಳಬಹುದು. ಆ ಪದ ನಮ್ಮ ವಿವೇಚನೆಯನ್ನೇ ಮಂಕಾಗಿಸುತ್ತದೆ, ಅದಕ್ಕೆ. 2024ರ ಡಿಸೆಂಬರಿನಲ್ಲಿ 38 ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಎಚ್ಚರಿಕೆ ನೀಡಿದರು. ಭೂಮಿಯ ಜೀವಿಗಳ ಪ್ರೋಟೀನುಗಳೆಲ್ಲ ‘ಎಡಗೈ’ ಅಮೈನೋ ಆಮ್ಲಗಳಿಂದಲೂ ಡಿಎನ್‌ಎ ‘ಬಲಗೈ’ ಸಕ್ಕರೆಯಿಂದಲೂ ಕಟ್ಟಲ್ಪಟ್ಟಿವೆ. ಇದನ್ನು ಕನ್ನಡಿಯ ಬಿಂಬದಂತೆ ತಿರುವುಮುರುವಾಗಿಸಿದ ಬ್ಯಾಕ್ಟೀರಿಯಾ ಒಂದು ದಿನ ಸಾಧ್ಯವಾದೀತು. ಅದು ಮನುಷ್ಯರ, ಪ್ರಾಣಿಗಳ, ಸಸ್ಯಗಳ ರಕ್ಷಣಾ ವ್ಯವಸ್ಥೆಯ ಕಣ್ಣಿಗೇ ಬೀಳದೆ ಹಬ್ಬಬಹುದು. ಆದ್ದರಿಂದ ಅದನ್ನು ತಯಾರಿಸುವುದೇ ಬೇಡ ಎಂದು ಅವರು ಕೇಳಿಕೊಂಡರು. ಸ್ವತಃ ಆ ದಾರಿಯಲ್ಲಿ ದುಡಿಯುತ್ತಿದ್ದವರೂ ಅವರಲ್ಲಿದ್ದರು.

ಗಮನಿಸಿ: ಕನ್ನಡಿ ಕೋಶಕ್ಕೆ ಪ್ರಕೃತಿಯಲ್ಲಿ ಹೆಪ್ಪು ಇಲ್ಲ. ಹೆಪ್ಪನ್ನೂ ಮನುಷ್ಯನೇ ಮಾಡಬೇಕು. ಹಾಗಾದಲ್ಲಿ ‘ಸೃಷ್ಟಿ’ ಎಂಬ ಮಾತು ನಿಜವಾಗುವುದು ಅಲ್ಲಿ! ಆದರೆ ಆ ಪದವನ್ನು ನಾವು 2010ರಲ್ಲಿಯೇ ದುಂದುವೆಚ್ಚ ಮಾಡಿಬಿಟ್ಟೆವು. ‘ಜೀವಸೃಷ್ಟಿ ಎಂದೋ ಆಯಿತಲ್ಲ, ಪ್ರಳಯವೇನೂ ಆಗಲಿಲ್ಲವಲ್ಲ’ ಎಂದುಕೊಂಡ ಓದುಗ ಈ ಎಚ್ಚರಿಕೆಗೆ ಏಕೆ ಕಿವಿಗೊಟ್ಟಾನು? ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆಯನ್ನು ನಾವು ಮಕ್ಕಳಿಗೆ ಮಾತ್ರ ಹೇಳುತ್ತೇವೆ.

ಇಂದು ತರಗತಿಯಲ್ಲಿ ನಿಲ್ಲುವ ಕಿರಿಯ ಶಿಕ್ಷಕಮಿತ್ರರಲ್ಲಿ ನನ್ನದೊಂದು ವಿನಂತಿ. ಇಂಥ ಸುದ್ದಿಯನ್ನು ಮಕ್ಕಳು ತಂದಾಗ ಹೊಗಳಲೂ ಬೇಡಿ, ತೆಗಳಲೂ ಬೇಡಿ. ‘ಹೆಪ್ಪು ಎಲ್ಲಿಂದ ಬಂತು?’ ಎಂದು ಕೇಳಿ. ಉತ್ತರ ಹುಡುಕುವ ಮಗು ವಿಜ್ಞಾನವನ್ನು ಕಲಿಯುತ್ತದೆ. ವಿಜ್ಞಾನಕ್ಕೆ ಹೆದರಬೇಕಾದದ್ದು ಎಲ್ಲಿ, ಹೆದರಬಾರದ್ದು ಎಲ್ಲಿ ಎಂಬುದನ್ನೂ ಕಲಿಯುತ್ತದೆ.