ಬೀಜ ಉಳಿಯಿತು, ಹೆಸರು ಹೋಯಿತು

ಪರಿಸರದ ಪತ್ರಿಕೆಯಲ್ಲಿ ಮೊಬೈಲ್ ತಂತ್ರಾಂಶದ ಮಾತೇಕೆ ಎಂದು ಓದುಗರಲ್ಲಿ ಕೆಲವರು ಕೇಳಬಹುದು. ಹಲವರು ಸೇರಿ ಕಟ್ಟಿದ, ಯಾರೊಬ್ಬರ ಸ್ವಂತದ್ದೂ ಅಲ್ಲದ ಸಂಪತ್ತಿಗೆ ಕಂಪನಿಯ ಸಹವಾಸ ದೊರೆತಾಗ ಏನಾಗುತ್ತದೆ ಎಂಬುದು ಸೊಪ್ಪಿನ ಬೆಟ್ಟ, ಗೋಮಾಳ, ದೇವರಕಾಡು, ನಾಟಿ ತಳಿಗಳ ವಿಷಯದಲ್ಲಿ ನಾವು ಬಹುಕಾಲದಿಂದ ಕೇಳಿಕೊಳ್ಳುತ್ತ ಬಂದಿರುವ ಪ್ರಶ್ನೆ. ಅದೇ ಪ್ರಶ್ನೆ ಮೊಬೈಲ್ ಲೋಕದಲ್ಲಿಯೂ ಎದ್ದು, 2009ರಿಂದ 2016ರವರೆಗಿನ ಏಳು ವರ್ಷಗಳಲ್ಲಿ ಪೂರ್ತಿಯಾಗಿ ನಡೆದು ಮುಗಿದದ್ದುಂಟು. ಸಯನೋಜೆನ್‌ಮಾಡ್ ಎಂಬ ಆ ಪ್ರಸಂಗವನ್ನು ಕೃಷಿ ವಿಜ್ಞಾನದ ಕಣ್ಣಿನಿಂದ ನೋಡಿದಾಗ ನನಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ ಅಗತ್ಯ. ಇಂದು ನಮ್ಮ ಬಹುಪಾಲು ಜನರ ಕೈಯಲ್ಲಿರುವ ಫೋನುಗಳನ್ನು ನಡೆಸುವ ಆಂಡ್ರಾಯ್ಡ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಗೂಗಲ್ 2007ರ ನವೆಂಬರಿನಲ್ಲಿ ಪ್ರಕಟಿಸಿತು. ಮರುವರ್ಷ ಎಚ್‌ಟಿಸಿ ಡ್ರೀಮ್ ಎಂಬ ಮೊದಲ ಫೋನು ಬಂದಿತು. ಈ ವ್ಯವಸ್ಥೆಯ ಬುಡದಲ್ಲಿರುವುದು ಲೈನಕ್ಸ್. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ, ಸಾವಿರಾರು ಜನ ಬೆಳೆಸಿದ ತಂತ್ರಾಂಶ. ಅದರ ಪರವಾನಗಿಯಲ್ಲಿ ಒಂದು ಕಟ್ಟುನಿಟ್ಟಾದ ಷರತ್ತಿದೆ: ಯಾರಾದರೂ ಬದಲಾಯಿಸಿ ಮತ್ತೊಬ್ಬರಿಗೆ ಕೊಟ್ಟರೆ, ಬದಲಾವಣೆಯ ಮೂಲವನ್ನೂ ಅದೇ ಹಕ್ಕುಗಳೊಡನೆ ಕೊಡತಕ್ಕದ್ದು. ಬೀಜ ಒಯ್ದವನು ಸುಗ್ಗಿಯ ನಂತರ ಬೀಜ ಹಿಂದಿರುಗಿಸಬೇಕೆಂಬ ಊರಿನ ಪದ್ಧತಿಯಂತೆ. ಅದರ ಮೇಲೆ ಗೂಗಲ್ ಕಟ್ಟಿದ ಭಾಗದ ಪರವಾನಗಿ ಅಪಾಚೆ ಎಂಬ ಬೇರೆ ಜಾತಿಯದು. ಒಯ್ಯಬಹುದು, ತಿದ್ದಬಹುದು, ತಿದ್ದಿದ್ದನ್ನು ಬಚ್ಚಿಡಲೂಬಹುದು. ಈ ಭೇದ ನೆನಪಿನಲ್ಲಿರಲಿ.

ಮೂಲ ಸಂಕೇತ ಎಲ್ಲರಿಗೂ ದೊರೆತದ್ದರಿಂದ, ಸ್ಟೀವ್ ಕಾಂಡಿಕ್ ಎಂಬ ಅಮೆರಿಕದ ತಂತ್ರಜ್ಞರು 2009ರಲ್ಲಿ ಅದನ್ನು ತಮಗೆ ಬೇಕಾದಂತೆ ತಿದ್ದಿ, ಸುಧಾರಿಸಿದ ಆವೃತ್ತಿಯನ್ನು ಉಚಿತವಾಗಿ ಹಂಚತೊಡಗಿದರು. ಅಂತರಜಾಲದಲ್ಲಿ ಅವರು ಇಟ್ಟುಕೊಂಡಿದ್ದ ಅಡ್ಡಹೆಸರು ಸಯನೋಜೆನ್, ಅದರಿಂದಲೇ ಸಯನೋಜೆನ್‌ಮಾಡ್. ನೋಡುನೋಡುತ್ತಿದ್ದಂತೆ ಹಲವು ದೇಶಗಳ ಹವ್ಯಾಸಿಗಳು ಕೂಡಿಕೊಂಡರು. ಒಬ್ಬೊಬ್ಬರು ತಮ್ಮ ಬಳಿಯಿದ್ದ ಫೋನಿಗೆ ಅದನ್ನು ಹೊಂದಿಸುವ ಹೊಣೆ ಹೊತ್ತರು, ಮತ್ತೆ ಕೆಲವರು ಅನುವಾದ ಮಾಡಿದರು, ಉಳಿದವರು ದೋಷ ಹುಡುಕಿದರು. ಸಂಬಳವಿರಲಿಲ್ಲ. ತಯಾರಕರು ಒಂದೆರಡು ವರ್ಷಗಳಲ್ಲಿಯೇ ಹಳೆಯ ಫೋನುಗಳನ್ನು ಕೈಬಿಡುತ್ತಿದ್ದ ಆ ಕಾಲದಲ್ಲಿ, ಯಂತ್ರ ಗಟ್ಟಿಯಾಗಿದ್ದರೂ ತಂತ್ರಾಂಶ ಹಳತಾದ ಒಂದೇ ಕಾರಣಕ್ಕೆ ಕಸಕ್ಕೆ ಹೋಗಬೇಕಾಗಿದ್ದ ಎಷ್ಟೋ ಫೋನುಗಳು ಈ ಜನರ ಶ್ರಮದಿಂದ ಮತ್ತಷ್ಟು ವರ್ಷ ಬಾಳಿದವು. ಗಣಿ ಅಗೆತ ಮತ್ತು ವಿದ್ಯುನ್ಮಾನ ಕಸದ ಬಗ್ಗೆ ಚಿಂತಿಸುವ ನಮಗೆ ಇದು ಸಣ್ಣ ಮಾತಲ್ಲ.

2009ರ ಸೆಪ್ಟೆಂಬರಿನಲ್ಲಿಯೇ ಗೂಗಲ್‌ನಿಂದ ಮೊದಲ ಎಚ್ಚರಿಕೆಯ ಪತ್ರ ಬಂದಿತು. ಜಿಮೇಲ್, ನಕಾಶೆ, ಆ್ಯಪ್‌ಗಳ ಮಾರುಕಟ್ಟೆ ಮುಂತಾದವು ಮುಕ್ತ ತಂತ್ರಾಂಶದ ಭಾಗವಲ್ಲ, ಅವನ್ನು ಸೇರಿಸಿ ಹಂಚುವಂತಿಲ್ಲ ಎಂಬುದು ಅದರ ಸಾರ. ಸಮುದಾಯ ಆ ಆ್ಯಪ್‌ಗಳನ್ನು ಕೈಬಿಟ್ಟು, ಬಳಕೆದಾರರು ತಮ್ಮ ಫೋನಿನಲ್ಲಿ ಮೊದಲೇ ಇದ್ದ ಪ್ರತಿಯನ್ನು ತಾವೇ ಉಳಿಸಿಕೊಳ್ಳುವ ದಾರಿ ಕಂಡುಕೊಂಡಿತು. ಕಾಡಿನ ಬಾಗಿಲು ತೆರೆದಿದ್ದರೂ ನೀರಿನ ಒರತೆಗೆ ಬೇಲಿಯಿದೆ ಎಂಬುದು ಅಂದು ತಿಳಿಯಿತು.

ಎರಡನೆಯ ಪಾಠ ಹೊರಗಿನಿಂದ ಬರಲಿಲ್ಲ. ಸಯನೋಜೆನ್‌ಮಾಡ್‌ನ ಜಾಲತಾಣದ ವಿಳಾಸ ತಂಡದ ಸದಸ್ಯನೊಬ್ಬನ ಹೆಸರಿನಲ್ಲಿ ನೋಂದಣಿಯಾಗಿತ್ತು. 2012ರಲ್ಲಿ ಮನಸ್ತಾಪ ಉಂಟಾದಾಗ ಆತ ವಿಳಾಸ ಬಿಟ್ಟುಕೊಡಲು 10,000 ಡಾಲರ್ ಕೇಳಿದನೆಂದು ತಂಡದವರು ಬಹಿರಂಗವಾಗಿ ಹೇಳಿ, ಬೇರೊಂದು ವಿಳಾಸಕ್ಕೆ ಮನೆ ಬದಲಿಸಿದರು. ಸಂಘ ಎಲ್ಲರದು, ಪಾಸ್‌ಬುಕ್ಕು ಒಬ್ಬನದು! ನಮ್ಮ ಊರುಗಳ ಯುವಕ ಸಂಘಗಳಲ್ಲಿ ಇಂಥದ್ದನ್ನು ಕಾಣದವರು ವಿರಳ. ಆದರೆ ಹೆಸರನ್ನೂ ಆಸ್ತಿಯನ್ನೂ ಸಮುದಾಯದ ಒಂದು ಟ್ರಸ್ಟಿಗೋ ಸಂಘಕ್ಕೋ ಒಪ್ಪಿಸುವ ಬದಲು ಮರುವರ್ಷ ಆದದ್ದೇ ಬೇರೆ.

2013ರ ಸೆಪ್ಟೆಂಬರಿನಲ್ಲಿ ಕಾಂಡಿಕ್ ಮತ್ತು ಉದ್ಯಮಿ ಕರ್ಟ್ ಮೆಕ್‌ಮಾಸ್ಟರ್ ಸೇರಿ ಸಯನೋಜೆನ್ ಇನ್‌ಕಾರ್ಪೊರೇಟೆಡ್ ಎಂಬ ಕಂಪನಿಯನ್ನು ಘೋಷಿಸಿದರು. ಆರಂಭದ ಬಂಡವಾಳ 70 ಲಕ್ಷ ಡಾಲರ್. ಡಿಸೆಂಬರಿನಲ್ಲಿ ಇನ್ನೂ 2 ಕೋಟಿ 30 ಲಕ್ಷ. ಇದನ್ನು ದ್ರೋಹವೆಂದು ಕರೆದವರ ಮಾತನ್ನು ನಾನು ಒಪ್ಪಲಾರೆ. ರಾತ್ರಿ ನಿದ್ದೆಗೆಟ್ಟು ದುಡಿಯುವ ಹವ್ಯಾಸಿಗೂ ಸಂಸಾರವಿದೆ, ಹತ್ತಾರು ಫೋನುಗಳಿಗೆ ದಿನವೂ ಹೊಸ ಆವೃತ್ತಿ ತಯಾರಿಸುವ ಸರ್ವರ್‌ಗಳಿಗೆ ಬಾಡಿಗೆಯಿದೆ. ಕಂಪನಿ ಕೆಲವರಿಗೆ ಸಂಬಳ ಕೊಟ್ಟಿತು, ಸಾಮಾನ್ಯರೂ ಸುಲಭವಾಗಿ ಅಳವಡಿಸಿಕೊಳ್ಳುವ ಸಾಧನ ರೂಪಿಸಿತು. ಸಮುದಾಯದ ಆವೃತ್ತಿ ಹಾಗೆಯೇ ಮುಂದುವರಿಯುವುದೆಂಬ ಭರವಸೆಯನ್ನೂ ನೀಡಿತು.

ಆ ಭರವಸೆಯ ಗಟ್ಟಿತನ ಅದೇ ತಿಂಗಳು ಪರೀಕ್ಷೆಗೆ ಒಳಗಾಯಿತು. ಫೋಕಲ್ ಎಂಬ ಕ್ಯಾಮೆರಾ ತಂತ್ರಾಂಶವನ್ನು ಬರೆದಿದ್ದ ಯುವ ಕೊಡುಗೆದಾರರೊಬ್ಬರು ಅದನ್ನು ಲೈನಕ್ಸ್ ಮಾದರಿಯ, ಅಂದರೆ ಬೀಜ ಹಿಂದಿರುಗಿಸುವ ಪರವಾನಗಿಯಡಿ ಕೊಟ್ಟಿದ್ದರು. ಕಂಪನಿಗೆ ಅದನ್ನು ವ್ಯಾಪಾರಕ್ಕೆ ಬೇರೆ ಷರತ್ತಿನಲ್ಲಿಯೂ ಬಳಸುವ ಹಕ್ಕು ಬೇಕಾಗಿತ್ತು. ಲೇಖಕರು ಒಪ್ಪಲಿಲ್ಲ, ಫೋಕಲ್ ಸಯನೋಜೆನ್‌ಮಾಡ್‌ನಿಂದ ಹೊರಬಿದ್ದಿತು. ಕಾಂಡಿಕ್ ರಾಜಿಸೂತ್ರವನ್ನೇನೋ ಮುಂದಿಟ್ಟಿದ್ದರು. ಆದರೆ ಈವರೆಗೆ ಸಮಾನರಾಗಿದ್ದವರಲ್ಲಿ ಕೆಲವರು ಈಗ ಮಾಲೀಕರು, ಉಳಿದವರು ಕೊಡುಗೆ ನೀಡುವವರು ಮಾತ್ರ ಎಂಬ ಅನುಮಾನ ಸಮುದಾಯದಲ್ಲಿ ಬೇರೂರಿತು. ಸೊಪ್ಪಿನ ಬೆಟ್ಟದಲ್ಲಿ ಎಲ್ಲರೂ ದರಕು ಗುಡಿಸುವಾಗ ಇಲ್ಲದ ಮೌನ, ಅವರಲ್ಲೊಬ್ಬ ಗುತ್ತಿಗೆದಾರನಾದ ಮರುದಿನ ಹುಟ್ಟುತ್ತದೆಯಲ್ಲವೇ?

ಮುಂದಿನ ಅಧ್ಯಾಯ ನಮ್ಮ ದೇಶದ್ದು. ಚೀನಾದ ವನ್‌ಪ್ಲಸ್ ಕಂಪನಿ 2014ರ ಏಪ್ರಿಲ್‌ನಲ್ಲಿ ತನ್ನ ಮೊದಲ ಫೋನನ್ನು ಸಯನೋಜೆನ್ ತಂತ್ರಾಂಶದೊಡನೆ ಘೋಷಿಸಿತು. ಫೋನಿನ ಹಿಂಬದಿಯಲ್ಲಿ ಸಯನೋಜೆನ್ ಹೆಸರನ್ನೂ ಅಚ್ಚು ಹಾಕಿತು. ಡಿಸೆಂಬರಿನಲ್ಲಿ ಆ ಫೋನು ಭಾರತಕ್ಕೆ ಬರುವ ಹೊತ್ತಿಗೆ, ಇಲ್ಲಿ ಆ ತಂತ್ರಾಂಶದ ಏಕಮಾತ್ರ ಹಕ್ಕನ್ನು ಸಯನೋಜೆನ್ ಕಂಪನಿಯು ಮೈಕ್ರೊಮ್ಯಾಕ್ಸ್‌ಗೆ ಕೊಟ್ಟಾಗಿತ್ತು. ಮೈಕ್ರೊಮ್ಯಾಕ್ಸ್ ತನ್ನ 'ಯು' ಸರಣಿಯ ಯುರೇಕಾ ಫೋನನ್ನು ಅದರೊಡನೆ ತರುವುದರಲ್ಲಿತ್ತು. ವಿವಾದ ದೆಹಲಿ ಹೈಕೋರ್ಟಿಗೆ ಹೋಯಿತು. ಏಕಸದಸ್ಯ ಪೀಠ ವನ್‌ಪ್ಲಸ್ ಫೋನುಗಳ ಮಾರಾಟಕ್ಕೆ ಮಧ್ಯಂತರ ತಡೆ ನೀಡಿತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಆ ತಡೆಯನ್ನು ತೆರವುಗೊಳಿಸಿತು.

ಇಲ್ಲಿ ಕಾನೂನಿನ ಸರಿತಪ್ಪಿಗಿಂತ ನನ್ನನ್ನು ಕಾಡುವುದು ಬೇರೊಂದು. ಸಮುದಾಯ ಬರೆದ ಮೂಲ ಸಂಕೇತ ಆಗಲೂ ಎಲ್ಲರಿಗೂ ಮುಕ್ತವಾಗಿತ್ತು. ಅದನ್ನು ಯಾರೂ ಯಾರಿಗೂ ಏಕಮಾತ್ರವಾಗಿ ಕೊಡಲು ಸಾಧ್ಯವಿರಲಿಲ್ಲ. ಕಂಪನಿ ಮಾರಿದ್ದು ಹೆಸರನ್ನು, ಅದರ ಮುದ್ರೆಯನ್ನು, ಆ ಮುದ್ರೆಯಡಿ ನವೀಕರಣ ಕಳಿಸುವ ಸೌಕರ್ಯವನ್ನು. ಆ ಹೆಸರಿಗೆ ಬೆಲೆ ಬಂದದ್ದಾದರೂ ಯಾರಿಂದ? ಸಂಬಳವಿಲ್ಲದೆ ದುಡಿದವರಿಂದ. ಒಪ್ಪಂದದ ಮಾತುಕತೆಗೆ ಅವರನ್ನು ಕರೆಯುವ ವ್ಯವಸ್ಥೆಯೇ ಇರಲಿಲ್ಲ.

ಬಂಡವಾಳ ಮಾತ್ರ ಹರಿದುಬಂದಿತು. 2015ರ ಮಾರ್ಚಿನಲ್ಲಿ 8 ಕೋಟಿ ಡಾಲರ್; ಆ ಸುತ್ತಿನ ಮುಂದಾಳು ನಮ್ಮ ಬೆಂಗಳೂರಿನ ಪ್ರೇಮ್‌ಜಿ ಇನ್ವೆಸ್ಟ್. ಆಂಡ್ರಾಯ್ಡನ್ನು ಗೂಗಲ್‌ನ ಕೈಯಿಂದ ಬಿಡಿಸುವುದಾಗಿ ಮೆಕ್‌ಮಾಸ್ಟರ್ ಸಾರುತ್ತಿದ್ದರು. ಏಪ್ರಿಲ್‌ನಲ್ಲಿ ಮೈಕ್ರೊಸಾಫ್ಟ್‌ನ ಆ್ಯಪ್‌ಗಳನ್ನು ತಮ್ಮ ವ್ಯವಸ್ಥೆಯಲ್ಲಿ ಸೇರಿಸುವ ಒಪ್ಪಂದವಾಯಿತು. ಒಬ್ಬ ಯಜಮಾನನಿಂದ ಬಿಡುಗಡೆ ಬಯಸಿ ಬಂದವರಿಗೆ ಇನ್ನೊಬ್ಬನ ಅಂಗಡಿ ತೋರಿಸಿದಂತಾಯಿತು. ವ್ಯಾಪಾರ ಕೈಗೂಡಲಿಲ್ಲ. 2016ರ ಜುಲೈನಲ್ಲಿ ನೌಕರರಲ್ಲಿ ಸುಮಾರು ಐದನೆಯ ಒಂದು ಪಾಲನ್ನು ತೆಗೆದುಹಾಕಿದ ವರದಿಗಳು ಬಂದವು. ನವೆಂಬರಿನಲ್ಲಿ ಕಾಂಡಿಕ್ ತಾವೇ ಕಟ್ಟಿದ ಕಂಪನಿಯಿಂದ ಹೊರನಡೆದರು. ಡಿಸೆಂಬರ್ 31ರೊಳಗೆ ಎಲ್ಲ ಸೇವೆಗಳನ್ನೂ ನಿತ್ಯದ ಆವೃತ್ತಿಗಳನ್ನೂ ನಿಲ್ಲಿಸುವುದಾಗಿ ಕಂಪನಿ ಕ್ರಿಸ್‌ಮಸ್ಸಿನ ಮುನ್ನಾದಿನಗಳಲ್ಲಿ ಒಂದು ಚುಟುಕು ಪ್ರಕಟಣೆ ಹೊರಡಿಸಿತು.

ವರ್ಷಗಟ್ಟಲೆ ಬೆಳೆದಿದ್ದ ಸಮುದಾಯಕ್ಕೆ ಸಿಕ್ಕ ಕಾಲಾವಕಾಶ ಒಂದು ವಾರ. ಆ ವಾರದಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಮೂಲ ಸಂಕೇತ ಉಳಿಯಿತು, ಏಕೆಂದರೆ ಪರವಾನಗಿ ಅದನ್ನು ಕಾಯುತ್ತಿತ್ತು. ಯಾರು ಬೇಕಾದರೂ ನಕಲು ಮಾಡಿಕೊಂಡು ಕವಲೊಡೆದು ಹೋಗಬಹುದಿತ್ತು. ಸಯನೋಜೆನ್‌ಮಾಡ್ ಎಂಬ ಹೆಸರು ಹೋಯಿತು. ಅದು ಕಂಪನಿಯ ಆಸ್ತಿ, ನಾಳೆ ಯಾರಿಗೆ ಬೇಕಾದರೂ ಮಾರಾಟವಾಗಬಹುದಾದದ್ದು. ಸರ್ವರ್‌ಗಳು ಹೋದವು. ಹೊಸ ಆವೃತ್ತಿ ನಿಜಕ್ಕೂ ಅದೇ ತಂಡದಿಂದ ಬಂದದ್ದೇ ಎಂದು ಫೋನು ಪರೀಕ್ಷಿಸುವುದಕ್ಕೆ ಒಂದು ಗುಪ್ತ ಕೀಲಿ ಇರುತ್ತದೆ, ಅದೂ ಬದಲಾಯಿತು. ಆದ್ದರಿಂದ ಬಳಕೆದಾರರು ಫೋನಿನಲ್ಲಿದ್ದುದನ್ನು ಅಳಿಸಿ ಹೊಸದಾಗಿ ಅಳವಡಿಸಿಕೊಳ್ಳಬೇಕಾಯಿತು, ಇಲ್ಲವೇ ವಲಸೆಗೆಂದೇ ತಯಾರಿಸಿದ ಪ್ರಾಯೋಗಿಕ ಆವೃತ್ತಿಯನ್ನು ಹಾದುಹೋಗಬೇಕಾಯಿತು. ಡಿಸೆಂಬರ್ 24ರಂದು ಸಮುದಾಯದವರು ಲಿನೇಜ್‌ಓಎಸ್ ಎಂಬ ಹೊಸ ಹೆಸರನ್ನು ಘೋಷಿಸಿದರು. ಲಿನೇಜ್ ಎಂದರೆ ವಂಶಾವಳಿ. ಮನೆ ಕಳೆದುಕೊಂಡವರು ಮನೆತನವನ್ನು ಉಳಿಸಿಕೊಂಡರು.

ಕೃಷಿಯವರಿಗೆ ಈ ವಿಂಗಡಣೆ ಹೊಸದಲ್ಲ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯಿದೆಯ 39ನೆಯ ಕಲಮನ್ನು ತೆರೆದು ನೋಡಿ. ನೋಂದಾಯಿತ ತಳಿಯ ಬೀಜವನ್ನೂ ಉಳಿಸಿಕೊಳ್ಳಲು, ಬಿತ್ತಲು, ನೆರೆಯವರೊಡನೆ ವಿನಿಮಯ ಮಾಡಲು, ಹಂಚಲು, ಮಾರಲು ರೈತನಿಗೆ ಅದು ಹಕ್ಕು ಕೊಡುತ್ತದೆ. ಮಾಡಬಾರದ ಕೆಲಸ ಒಂದೇ: ಬ್ರಾಂಡಿನ ಹೆಸರಿನಲ್ಲಿ ಕಟ್ಟಿ ಮಾರುವುದು. ಬೀಜ ಒಂದು ಕಡೆ, ಚೀಲದ ಮೇಲಿನ ಹೆಸರು ಇನ್ನೊಂದು ಕಡೆ. ಬೀಜದ ಹಕ್ಕಿಗಾಗಿ ನಾವು ಸಾಕಷ್ಟು ಹೋರಾಡಿದ್ದೇವೆ. ಹೆಸರಿನ ಹಕ್ಕು ಯಾರಲ್ಲಿರಬೇಕು ಎಂಬುದನ್ನು ಅಷ್ಟು ಗಂಭೀರವಾಗಿ ಚರ್ಚಿಸಿಲ್ಲ. ಮುಕ್ತ ತಂತ್ರಾಂಶದವರೂ ಪರವಾನಗಿಯ ಪ್ರತಿ ಅಕ್ಷರಕ್ಕೂ ವಾದಿಸಿದರು, ಹೆಸರಿನ ಬಗ್ಗೆ ಮೈಮರೆತರು.

ಕಂಪನಿಗಳು ತಮ್ಮ ಗೋಡೆಯ ಮೇಲೆ ಮೌಲ್ಯಗಳನ್ನು ಬರೆದುಕೊಳ್ಳುತ್ತವೆ: ಮುಕ್ತತೆ, ಸಹಭಾಗಿತ್ವ, ಸಮುದಾಯ. ಅವು ಸುಳ್ಳೆಂದು ನಾನು ಹೇಳುತ್ತಿಲ್ಲ. ಬರೆಯುವಾಗ ಬರೆದವರು ನಂಬಿಯೇ ಬರೆದಿರಬಹುದು. ಆದರೆ ಆಡಳಿತ ಬದಲಾದಾಗ, ಸಾಲ ತೀರಿಸುವ ದಿನ ಬಂದಾಗ ಆ ಬರಹಕ್ಕೆ ಕಾಯಿದೆಯ ಬಲವಿಲ್ಲ. ಸಯನೋಜೆನ್‌ಗಿಂತ ಎಷ್ಟೋ ದೊಡ್ಡದಾದ ಗೂಗಲ್‌ನ ನಡೆಯನ್ನೇ ಗಮನಿಸಿ. ಆಂಡ್ರಾಯ್ಡ್ ಮುಕ್ತವೆನ್ನುತ್ತಲೇ, ಬದಲಾಯಿಸಿದ ಆಂಡ್ರಾಯ್ಡಿನ ಫೋನು ತಯಾರಿಸದಂತೆ ತಯಾರಕರನ್ನು ಒಪ್ಪಂದಗಳಿಂದ ಕಟ್ಟಿಹಾಕಿತ್ತು. ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಅದಕ್ಕೆ 1,337.76 ಕೋಟಿ ರೂಪಾಯಿ ದಂಡ ವಿಧಿಸಲು ಕಾರಣವಾದ ಸಂಗತಿಗಳಲ್ಲಿ ಇದೂ ಒಂದು. 2025ರ ಮಾರ್ಚಿನಲ್ಲಿ, ಆಂಡ್ರಾಯ್ಡಿನ ಅಭಿವೃದ್ಧಿ ಕಾರ್ಯವೆಲ್ಲ ಇನ್ನು ಕಂಪನಿಯ ಒಳಗೇ ನಡೆಯುವುದು, ಮೂಲ ಸಂಕೇತ ಬಿಡುಗಡೆಯ ಸಮಯಕ್ಕೆ ಹೊರಬರುವುದು ಎಂದು ಗೂಗಲ್ ತಿಳಿಸಿತು. ಪರವಾನಗಿಯ ಉಲ್ಲಂಘನೆ ಎಲ್ಲಿಯೂ ಇಲ್ಲ. ಬೆಳೆದ ಪೈರನ್ನು ಕೊಡುತ್ತಾರೆ, ಗದ್ದೆಗೆ ಇಳಿಯಗೊಡುವುದಿಲ್ಲ.

ಮಲೆನಾಡಿಗೆ ಇದರ ಸಂಬಂಧ ದೂರದ್ದಲ್ಲ. ಕಪ್ಪೆ, ಹಕ್ಕಿ, ಮರಗಳನ್ನು ಗುರುತಿಸಿ ದಾಖಲಿಸಲು ನಮ್ಮ ಕಾಲೇಜು ವಿದ್ಯಾರ್ಥಿಗಳು ಮೊಬೈಲ್ ಹಿಡಿದು ಹಳ್ಳ ಇಳಿಯುತ್ತಿದ್ದಾರೆ. ರೈತರ ಉತ್ಪಾದಕ ಕಂಪನಿಗಳು ಅಡಿಕೆ, ಮೆಣಸಿನ ಲೆಕ್ಕಕ್ಕೆ ಆ್ಯಪ್ ಮಾಡಿಸುತ್ತಿವೆ. ತಂತ್ರಾಂಶ ಉಚಿತವೇ, ಮುಕ್ತವೇ ಎಂಬಷ್ಟನ್ನು ಕೇಳಿ ಸುಮ್ಮನಾದರೆ ಅರ್ಧ ಕೇಳಿದಂತೆ. ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ಸರ್ವರ್‌ನ ಬಾಡಿಗೆ ಕಟ್ಟುವವರು ನಾಳೆ ನಿಲ್ಲಿಸಿದರೆ ನಮ್ಮ ದಾಖಲೆಗಳ ಪ್ರತಿ ನಮ್ಮ ಬಳಿ ಇರುತ್ತದೆಯೇ? ಕೀಲಿ ಒಬ್ಬರಲ್ಲಿದೆಯೋ ಮೂವರಲ್ಲಿದೆಯೋ? ಹೊಸ ಒಪ್ಪಂದಕ್ಕೆ ಸಹಿ ಬೀಳುವ ಮುನ್ನ ಕೊಡುಗೆ ಕೊಟ್ಟವರ ಸಭೆ ಕರೆಯಬೇಕೆಂದು ಎಲ್ಲಿಯಾದರೂ ಬರೆದಿದೆಯೇ? ಹಣ ಕೊಡುವವರು ಬಂದ ಮೇಲೆ ಇವನ್ನು ಕೇಳಿದರೆ ಅಪನಂಬಿಕೆಯೆನಿಸುತ್ತದೆ. ಬರುವ ಮೊದಲು ಕೇಳಿದರೆ ಅದು ನಡಾವಳಿ ಪುಸ್ತಕದ ಒಂದು ಸಾಲು, ಅಷ್ಟೆ.

ಲಿನೇಜ್‌ಓಎಸ್ ಇಂದಿಗೂ ನಡೆಯುತ್ತಿದೆ, ಹೆಚ್ಚಾಗಿ ಸ್ವಯಂಸೇವಕರ ದುಡಿಮೆ ಮತ್ತು ದೇಣಿಗೆಗಳಿಂದ. 2014ರಲ್ಲಿ ಕೋರ್ಟಿನ ಮೆಟ್ಟಿಲೇರಿದ ಆ ವನ್‌ಪ್ಲಸ್ ಫೋನಿಗೆ, ಸಯನೋಜೆನ್ ಕಂಪನಿ ಬಾಗಿಲು ಹಾಕಿದ ಎಷ್ಟೋ ಕಾಲದ ನಂತರವೂ ಹೊಸ ಆವೃತ್ತಿಗಳನ್ನು ಒದಗಿಸಿದವರು ಈ ಸಂಬಳವಿಲ್ಲದ ಜನರೇ.