ನರದೊಳಗಿನ ಹೋಗಿಬರುವ ಹಾದಿ

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯ ಕಡೆ ಬೆಳೆದ ತರಕಾರಿ, ಬೆಳಕು ಹರಿಯುವ ಮುನ್ನವೇ ಗಾಡಿಯೇರಿ ಬೆಂಗಳೂರಿನ ಮಾರುಕಟ್ಟೆಗೆ ಹೊರಡುತ್ತದೆ. ಮರಳಿ ಬರುವ ಗಾಡಿ ಬರಿದಾಗಿ ಬರುವುದಿಲ್ಲ. ಗೊಬ್ಬರ, ಬಿತ್ತನೆ ಬೀಜ, ಅಂದಿನ ಧಾರಣೆಯ ಸುದ್ದಿಯನ್ನು ಹೊತ್ತು ತರುತ್ತದೆ. ಇಂಥದೇ ಸಾಗಾಟ ನಮ್ಮ ನರಗಳೊಳಗೂ ಹಗಲಿರುಳು ನಡೆದಿದೆಯೆಂದರೆ ಓದುಗ ಬಂಧುಗಳಿಗೆ ಅಚ್ಚರಿಯಾದೀತು.

ನರಕೋಶಕ್ಕೆ ಒಂದು ಒಡಲು, ಅದರಿಂದ ಹೊರಟ ನೀಳವಾದ ಒಂದು ಎಳೆ. ಈ ಎಳೆಯೇ ಆಕ್ಸಾನ್. ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ಎಳೆ ಸುಮಾರು 1 ಮೀಟರ್ ಉದ್ದವಿರಬಹುದು. ದಪ್ಪವಾದರೋ ಕೂದಲಿಗಿಂತ ಬಹು ಕಿರಿದು. ಅದರ ತುದಿಗೆ ಬೇಕಾದ ಪ್ರೋಟೀನುಗಳಲ್ಲಿ ಹೆಚ್ಚಿನವು ಸಿದ್ಧವಾಗುವುದು ದೂರದ ಒಡಲಿನಲ್ಲಿ. ಅವನ್ನು ಸಾಗಿಸದೆ ಗತ್ಯಂತರವಿಲ್ಲ.

1948ರಲ್ಲಿ ಪಾಲ್ ವೈಸ್ ಮತ್ತು ಹೆಲೆನ್ ಹಿಸ್ಕೋ ಅವರು ನರವನ್ನು ಬಿಗಿದು ನೋಡಿದಾಗ, ಕಟ್ಟೆ ಹಾಕಿದ ಕಾಲುವೆಯಂತೆ ಒಡಲಿನ ಕಡೆಯ ಭಾಗ ಉಬ್ಬಿತು. ಒಳಗೆ ಸರಕು ಹರಿಯುತ್ತಿದೆಯೆಂಬುದಕ್ಕೆ ಅದೇ ಸಾಕ್ಷಿಯಾಯಿತು. ಆ ಸರಕನ್ನು ಹೊರುವ ಕೈನೆಸಿನ್ ಎಂಬ ಪ್ರೋಟೀನು ಪತ್ತೆಯಾದುದು 1985ರಲ್ಲಿ. ಎಳೆಯೊಳಗಿನ ಸೂಕ್ಷ್ಮನಾಳಗಳ ಮೇಲೆ ಅದು ಒಂದೊಂದು ಹೆಜ್ಜೆಗೆ 8 ನ್ಯಾನೋಮೀಟರ್‌ನಂತೆ ನಡೆಯುತ್ತದೆ. ವೇಗದ ಸರಕು ದಿನಕ್ಕೆ 200ರಿಂದ 400 ಮಿಲಿಮೀಟರ್ ಸಾಗಬಲ್ಲದು. ಎಳೆಯ ಮೈಕಟ್ಟಿಗೆ ಬೇಕಾದ ಕೆಲವು ಪ್ರೋಟೀನುಗಳಾದರೋ ದಿನಕ್ಕೆ 1 ಮಿಲಿಮೀಟರ್‌ನಷ್ಟೇ ತೆವಳುತ್ತವೆ; ಪಾದ ಮುಟ್ಟಲು ಅವಕ್ಕೆ ಮೂರು ವರ್ಷವೇ ಬೇಕಾದೀತು! ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಬಳಿಕ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಸಂಧ್ಯಾ ಕೌಶಿಕ ಅವರು ಈ ಸಾಗಾಟವನ್ನು ಪಾರದರ್ಶಕವಾದ ಪುಟ್ಟ ಹುಳುವಿನ ನರಗಳಲ್ಲಿ ಅಭ್ಯಸಿಸಿದ್ದಾರೆ.

ತುದಿಯಿಂದ ಒಡಲಿಗೆ ಮರಳುವ ಸರಕನ್ನು ಎಳೆದು ತರುವುದು ಡೈನೀನ್ ಎಂಬ ಇನ್ನೊಂದು ಪ್ರೋಟೀನು. ಸವೆದ ಭಾಗಗಳೂ ತುದಿಯ ಸಂದೇಶಗಳೂ ಹೀಗೆ ಹಿಂದಿರುಗುತ್ತವೆ. ಆದರೆ ಮರಳುವ ಈ ಗಾಡಿಯನ್ನು ಕಳ್ಳನೂ ಏರಬಲ್ಲನು. ಹುಚ್ಚುನಾಯಿ ಕಡಿದಾಗ ಗಾಯದೊಳಗೆ ಸೇರಿದ ರೇಬೀಸ್ ವೈರಾಣು ನರದ ತುದಿಯನ್ನು ಹೊಕ್ಕು, ಇದೇ ಹಾದಿಯಲ್ಲಿ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಏರುತ್ತದೆ. ರೋಗದ ಲಕ್ಷಣ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ಕಾಣಿಸುತ್ತದೆ. ಕೆಲವೊಮ್ಮೆ ಇನ್ನೂ ಬೇಗ. ಕಂಡ ಮೇಲೆ ಬದುಕುಳಿದವರು ಅತಿ ವಿರಳ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಈ ರೋಗದ ಪತ್ತೆ ಮತ್ತು ಸಂಶೋಧನೆಯಲ್ಲಿ ಹೆಸರಾದುದು.

ಆದುದರಿಂದ ಕಚ್ಚಿದ ಗಳಿಗೆಗೂ ವೈರಾಣು ಮಿದುಳು ಮುಟ್ಟುವ ಗಳಿಗೆಗೂ ನಡುವಿನ ಅವಧಿಯೇ ನಮ್ಮ ಪಾಲಿನ ಪ್ರಾಣಭಿಕ್ಷೆ. ಗಾಯವನ್ನು ಕೂಡಲೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನ ಪುಡಿ, ಅರಿಶಿನ ಯಾವುದನ್ನೂ ಮೆತ್ತಬಾರದು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ರಕ್ತ ಬಂದಿದ್ದರೆ ಗಾಯಕ್ಕೇ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು. ವೈದ್ಯರು ಹೇಳಿದ ಎಲ್ಲ ಸರದಿಗಳನ್ನೂ ಮುಗಿಸಬೇಕು. ಗಾಯ ಮಾಯಿತೆಂದು ನಡುವೆ ನಿಲ್ಲಿಸಲಾಗದು.

ಮಕ್ಕಳು ಬೈಗುಳಕ್ಕೆ ಹೆದರಿ ನಾಯಿಮರಿ ಪರಚಿದುದನ್ನು ಮುಚ್ಚಿಡುವುದುಂಟು. ತಾಯಂದಿರೆ, ಹಿರಿಯರೆ, ಮಗು ಅಂಜದೆ ಹೇಳುವಂಥ ಮನೆ ನಮ್ಮದಾಗಲಿ. ಹೇಳಿದಂದು ಬೈಯದಿರಿ, ಮೊದಲು ನಲ್ಲಿಯ ಬಳಿಗೆ ಕರೆದೊಯ್ಯಿರಿ.